ನಾಲ್ಕುನೂರ ಹದಿನೇಳರ ಮೊದಲ ಮಾತು

ಪೊಲೀಸ್ ಇಲಾಖೆಯಲ್ಲಿ ಅವಳಿಗೆ ಕಿವಿಯಕ್ಕ ಅಂತ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಮಾತ್ರ. ಆದರೆ ಗುಟ್ಟಿನ ಮಾತು ಹಿಡಿಯುವ ಯಂತ್ರ ಮಾಡುವವಳ ಬೆನ್ನ ಹಿಂದೆ ಯಾವ ಮಾತು ತಾನೇ ಬಚ್ಚಿಟ್ಟುಕೊಂಡೀತು? ಹೆಸರು ಅವಳ ಕಿವಿಗೆ ಬಿದ್ದು ವರ್ಷಗಳೇ ಆಗಿದ್ದವು. ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು.

ತನಿಖೆ ಮಾಡುವವರಿಗೆ ಬೇಕಾದ ಸಾಮಾನೆಲ್ಲ ಅವಳ ಕಾರ್ಖಾನೆಯಿಂದ ಹೋಗುತ್ತಿತ್ತು. ಅಂಗಿಯ ಗುಂಡಿಯ ಹಿಂದೆ ಕೂರುವ ರೆಕಾರ್ಡರ್, ಪೆನ್ನಿನ ತಲೆಯಲ್ಲಿ ಕಣ್ಣು ಬಿಡುವ ಕ್ಯಾಮೆರಾ, ಗೋಡೆಯ ಸ್ವಿಚ್ಚಿನಂತೆಯೇ ಕಾಣುವ ಮೈಕು. ಕಾರ್ಖಾನೆ ಅಂದರೆ ದೊಡ್ಡದಲ್ಲ. ಮನೆಯ ಮುಂಭಾಗದ ಎರಡು ಕೋಣೆ, ಕೆಲಸಕ್ಕೆ ಅವಳೂ ಸೇರಿ ಇಬ್ಬರು. ಇಲಾಖೆಯ ಕಾಗದ ತರದವರಿಗೆ ಒಂದು ಸ್ಕ್ರೂ ಕೂಡ ಸಿಗುತ್ತಿರಲಿಲ್ಲ. ಹೆಂಡತಿಯ ಮೇಲೆ ಗುಮಾನಿಯಿದ್ದ ಗಂಡಂದಿರು, ಸೊಸೆ ಏನು ಮಾತಾಡುತ್ತಾಳೋ ಎಂದು ನಿದ್ದೆಗೆಟ್ಟ ಅತ್ತೆಯರು ಆಗಾಗ ಬಾಗಿಲು ತಟ್ಟುತ್ತಿದ್ದರು. "ಅನುಮಾನ ಇದ್ರೆ ಮನೇಲಿ ಕೂತು ಬಾಯಿಬಿಟ್ಟು ಕೇಳಿ, ಅದಕ್ಕೆ ಬ್ಯಾಟರಿನೂ ಬೇಡ" ಎಂದು ಅವರನ್ನು ಅವಳು ಸಾಗಹಾಕುತ್ತಿದ್ದಳು.

ಕಾರ್ಖಾನೆ ಕಟ್ಟಿದವನು ಅಪ್ಪ. ಅವನದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಒಳಕೋಣೆಗೆ ಫೋನು ಬರಕೂಡದು, ಹೊರಗಿನ ಯಾವ ತಂತಿಯೂ ಬರಕೂಡದು. ಒಂದು, ಫೋನು ಪಕ್ಕದಲ್ಲಿದ್ದರೆ ಮೈಕಿನಲ್ಲಿ ಗುಯ್ಯೆನ್ನುತ್ತದೆ. ಎರಡು, ಪೊಲೀಸರ ಗುಟ್ಟು ತಯಾರಾಗುವ ಮೇಜಿನ ಮೇಲೆ ಇನ್ನೊಬ್ಬರ ಕಿವಿ ಯಾಕೆ? ಅದಕ್ಕೇ ಬಾಗಿಲ ಬಳಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಬಂದವರು ಎಷ್ಟೇ ದೊಡ್ಡ ಅಧಿಕಾರಿಯಾಗಲಿ, ಫೋನನ್ನು ಅದರೊಳಗೆ ಹಾಕಿಯೇ ಒಳಗೆ ಕಾಲಿಡಬೇಕು.

ಹಾಗಾಗಿ ಒಳಕೋಣೆಯಲ್ಲಿ ಹೊತ್ತು ತಿಳಿಯಲು ಇದ್ದದ್ದು ಒಂದೇ, ಗೋಡೆಯ ಮೇಲಿನ ಲೋಲಕದ ಗಡಿಯಾರ. ಗಂಟೆಗೊಮ್ಮೆ ಇಡೀ ಮನೆಗೆ ಕೇಳುವಂತೆ ಹೊಡೆಯುತ್ತಿತ್ತು. ಅದು ಸರಿಯಾಗಿ ಏಳು ನಿಮಿಷ ಮುಂದೆ. ಅಪ್ಪ ಮಹಾ ನಿಧಾನಸ್ಥ. ಯಂತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೊರಟವನು ವಾರಕ್ಕೆರಡು ಸಲವಾದರೂ ಬಸ್ಸು ತಪ್ಪಿಸಿಕೊಂಡು ಪೆಚ್ಚುಮೋರೆ ಹಾಕಿ ವಾಪಸು ಬರುತ್ತಿದ್ದ. ಬಸ್‌ಸ್ಟಾಪಿಗೆ ನಾಲ್ಕು ನಿಮಿಷದ ನಡಿಗೆ, ಅವನು ಷೂ ಲೇಸು ಕಟ್ಟಲು ಮೂರು ನಿಮಿಷ, ಒಟ್ಟು ಏಳು ಎಂದು ಅಮ್ಮ ಲೆಕ್ಕ ಹಾಕಿ ಒಂದು ದಿನ ಮುಳ್ಳನ್ನು ಮುಂದೂಡಿಬಿಟ್ಟಳು. ಗಡಿಯಾರ ಮುಂದಿದೆಯೆಂದು ಅಪ್ಪನಿಗೂ ಗೊತ್ತಿತ್ತು. ಆದರೂ ಅದನ್ನು ನೋಡಿದ ಕೂಡಲೇ ಗಾಬರಿ ಬಿದ್ದು ಓಡುತ್ತಿದ್ದ. ಆಮೇಲೆ ಬಸ್ಸು ತಪ್ಪಲಿಲ್ಲ.

ಮನೆಯವರಿಗೆಲ್ಲ ಏಳು ಕಳೆಯುವುದು ಉಸಿರಾಡಿದಷ್ಟು ಸಲೀಸಾಗಿತ್ತು. ಅಪ್ಪ ತೀರಿಕೊಂಡ ಮೇಲೂ ಗಡಿಯಾರ ಹಾಗೆಯೇ ಓಡುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಕಿವಿಯಕ್ಕ ಹೊರಗೆ ಫೋನಿನಲ್ಲಿ ಹೊತ್ತು ನೋಡಿ, ಒಳಗೆ ಬಂದು, ಸರಿಯಾಗಿ ಏಳೇ ನಿಮಿಷ ಮುಂದಿದೆಯೇ ಎಂದು ಪರೀಕ್ಷಿಸುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ.

ಯಂತ್ರಗಳಿಗೆ ಜೀವ ತುಂಬುವ ಕೆಲಸ ಚಿಕ್ಕಪ್ಪನದು, ಅಂದರೆ ಅಪ್ಪನ ತಮ್ಮನದು. ಮದುವೆಯಾಗದ ಮನುಷ್ಯ, ಬೆರಳುಗಳು ಎಷ್ಟು ಚುರುಕೋ ಮೂಗಿನ ತುದಿಯ ಕೋಪವೂ ಅಷ್ಟೇ ಚುರುಕು. ತಮಾಷೆಯೆಂದರೆ, ಊರಿನ ಕಳ್ಳರಿಗೆಲ್ಲ ಕಿವಿಯಿಟ್ಟ ಈ ಪುಣ್ಯಾತ್ಮರಿಗೆ ಸ್ವಂತ ಕಿವಿ ಮಂದ. ಹೆಡ್‌ಫೋನು ಹಾಕಿಕೊಂಡರೆ ಇರುವೆ ನಡೆದದ್ದೂ ಕೇಳುತ್ತದೆ, ತೆಗೆದರೆ ಮನೆಯೊಳಗೆ ಪಾತ್ರೆ ಬಿದ್ದರೂ ಇಲ್ಲ. ಹೊಸ ರೆಕಾರ್ಡರು ಸಿದ್ಧವಾದ ಕೂಡಲೇ ಚಿಕ್ಕಪ್ಪ ಗೋಡೆ ನೋಡಿ, ಏಳು ಕಳೆದು, ಅದರೊಳಗಿನ ಗಡಿಯಾರದ ಹೊತ್ತು ಹೊಂದಿಸುತ್ತಿದ್ದರು. ಆಮೇಲೆ ಅದರ ಮೊದಲ ಮಾತು.

ಮೊದಲ ಮಾತು ಅಂದರೆ ಇಷ್ಟೇ: ಮಧ್ಯಾಹ್ನ ಮೂರು ಮುಕ್ಕಾಲಕ್ಕೆ ಯಂತ್ರವನ್ನು ಮೇಜಿನ ಮೇಲಿಟ್ಟು, ಅದರ ಸಂಖ್ಯೆ, ವಾರ, ಹೊತ್ತು ಹೇಳಿ, ತಮ್ಮ ಉಸಿರಾಟ ಕೂಡ ಅದರೊಳಗೆ ಬೀಳಬಾರದೆಂದು ಬಾಗಿಲೆಳೆದುಕೊಂಡು ಅಡುಗೆಮನೆಗೆ ಕಾಫಿಗೆ ಹೋಗುವುದು. ಯಂತ್ರ ಇಪ್ಪತ್ತು ನಿಮಿಷ ಖಾಲಿ ಕೋಣೆಯನ್ನು ಕೇಳಿಸಿಕೊಳ್ಳುತ್ತದೆ. ಮೊದಲು ಮೌನ, ಆಮೇಲೆ ಗೋಡೆ ಗಡಿಯಾರದ ನಾಲ್ಕು ಹೊಡೆತ, ಅದಾದ ಏಳು ನಿಮಿಷಕ್ಕೆ ಎದುರು ರಸ್ತೆಯ ಶಾಲೆ ಬಿಡುವ ಗಂಟೆ, ಕೊನೆಗೆ ಮಕ್ಕಳ ಕೂಗಾಟ. ಪಿಸುದನಿಯಿಂದ ಗದ್ದಲದವರೆಗೆ ಎಲ್ಲ ಪರೀಕ್ಷೆಯೂ ಪುಕ್ಕಟೆ. ಆ ಕಡತಕ್ಕೆ ಬೀಗ ಬೀಳುತ್ತದೆ, ಅದನ್ನು ಯಾರೂ ಅಳಿಸಲಾರರು. ಚಿಕ್ಕಪ್ಪ ವಾಪಸು ಬಂದು ಮೊದಲ ಎರಡು ನಿಮಿಷ ಕೇಳಿ, ಮೈಕು ಸರಿಯಿದೆಯೆಂದು ತಲೆಯಾಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಪೂರ್ತಿ ಕೇಳಿದವರು ಯಾರೂ ಇಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಹೊರಬಿದ್ದ ನಾಲ್ಕುನೂರಕ್ಕೂ ಹೆಚ್ಚು ರೆಕಾರ್ಡರುಗಳಲ್ಲಿ ಒಂದರ ಮಾತನ್ನೂ ಯಾವ ಕೋರ್ಟೂ ತಳ್ಳಿಹಾಕಿರಲಿಲ್ಲ. ಆ ಸಂಗತಿಯನ್ನು ಕಿವಿಯಕ್ಕ ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದೆ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅರ್ಜೆಂಟ್ ಸಾಹೇಬ ಬಂದ. ಲಂಚದ ಕೇಸುಗಳನ್ನು ನೋಡುವ ಇನ್ಸ್‌ಪೆಕ್ಟರ್ ಅವನು. ಯಾವ ಸಾಮಾನು ಕೇಳಿದರೂ "ನಿನ್ನೆನೇ ಬೇಕಿತ್ತು" ಅನ್ನುವವನಾದ್ದರಿಂದ ಆ ಹೆಸರು. ಅವತ್ತು ಯಾರೂ ಹೇಳದೆಯೇ ಫೋನು ಡಬ್ಬಿಗೆ ಹಾಕಿ, ಸದ್ದಿಲ್ಲದೆ ಸ್ಟೂಲಿನ ಮೇಲೆ ಕೂತ. ಏನೋ ಎಡವಟ್ಟಾಗಿದೆಯೆಂದು ಕಿವಿಯಕ್ಕನಿಗೆ ಆಗಲೇ ಗೊತ್ತಾಯಿತು.

"ಏನ್ ಸಾರ್, ಇವತ್ತು ಅರ್ಜೆಂಟ್ ಇಲ್ವಾ?"

"ಅರ್ಜೆಂಟೇ. ಹೇಳೋಕೇ ಬಾಯಿ ಬರ್ತಿಲ್ಲ. ನಿಮ್ಮ ನಾಲ್ಕುನೂರ ಹದಿನೇಳು ಕೈಕೊಡ್ತು."

"ನಮ್ಮದು ಕೈಕೊಡಲ್ಲ. ಏನಾಯ್ತು ಹೇಳಿ."

ಅವನು ಹೇಳಿದ. ಮೂಲೆಯ ಬೇಕರಿಯವನೊಬ್ಬ ಹೊಸ ಒಲೆ ಹಾಕಿಸಿದ್ದ. ಅದಕ್ಕೆ ಪರವಾನಗಿ ಕೊಡಬೇಕಾದ ಅಧಿಕಾರಿ ಕೈ ಬೆಚ್ಚಗೆ ಮಾಡದೆ ಕಾಗದಕ್ಕೆ ಸಹಿ ಹಾಕುವುದಿಲ್ಲವೆಂದು ಐದು ತಿಂಗಳು ಅಲೆಸಿದ. ಬೇಕರಿಯವನು ಪೊಲೀಸರಿಗೆ ದೂರು ಕೊಟ್ಟ. ಕೋಟಿನ ಮೂರನೇ ಗುಂಡಿಯ ಹಿಂದೆ ನಾಲ್ಕುನೂರ ಹದಿನೇಳನ್ನು ಇಟ್ಟುಕೊಂಡು, ಅಧಿಕಾರಿ ಕರೆದ ಹೋಟೆಲಿಗೆ ಹೋದ. ಅಧಿಕಾರಿ ಬಂದ, ಕೇಳಿದ, ಈಸಿಕೊಂಡ, ಸಿಕ್ಕಿಬಿದ್ದ. ರೆಕಾರ್ಡಿನಲ್ಲಿ ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು.

"ಮತ್ತಿನ್ನೇನು ತೊಂದರೆ?"

"ಹೊತ್ತು. ಅವರಿಬ್ಬರ ಮಾತು ಶುರುವಾದದ್ದು ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ಅಂತ ನಿಮ್ಮ ಯಂತ್ರ ಹೇಳುತ್ತೆ. ಹೋಟೆಲ್ ಬಾಗಿಲ ಕ್ಯಾಮೆರಾದಲ್ಲಿ ಅಧಿಕಾರಿ ಒಳಗೆ ಬಂದದ್ದು ಹನ್ನೊಂದು ಎಂಟಕ್ಕೆ. ಅವನ ವಕೀಲ ಕೋರ್ಟಲ್ಲಿ ಎದ್ದು ನಿಂತು ಕೇಳ್ದ, ಮನುಷ್ಯ ಇನ್ನೂ ರಸ್ತೇಲಿದ್ದಾಗ ಅವನ ಮಾತು ಮಾತ್ರ ಮೊದಲೇ ಬಂದು ಟೇಬಲ್ ಹಿಡಿದಿತ್ತಾ ಅಂತ. ಕೋರ್ಟಿಗೆ ಕೋರ್ಟೇ ನಕ್ಕುಬಿಡ್ತು."

"ಹೋಟೆಲಿನ ಕ್ಯಾಮೆರಾನೇ ತಪ್ಪಿರುತ್ತೆ."

"ಪರೀಕ್ಷೆ ಮಾಡಿಸಿದ್ವಿ. ಅದು ನೆಟ್‌ಗೆ ಸೇರಿಸಿದ್ದು, ಒಂದು ಸೆಕೆಂಡೂ ತಪ್ಪಿಲ್ಲ."

"ಯಂತ್ರ ವಾಪಸ್ ತಗೊಳ್ಳುವಾಗ ಅದರ ಹೊತ್ತನ್ನ ನಿಮ್ಮ ವಾಚಿನ ಜೊತೆ ಹೋಲಿಸಿ ಬರ್ಕೊಳ್ಳಿ ಅಂತ ಜೊತೆಗೆ ಕೊಟ್ಟ ಕಾಗದದಲ್ಲಿ ಹಾಕಿದ್ದೆ."

"ಹಾಕಿದ್ರಿ. ನಾನು ಓದಲಿಲ್ಲ. ಅರ್ಜೆಂಟಲ್ಲಿದ್ದೆ." ಅವನು ತಲೆ ತಗ್ಗಿಸಿದ. "ಈಗ ನೋಡೋಣ ಅಂದ್ರೆ ಬ್ಯಾಟರಿ ಸತ್ತು ಅದರ ಗಡಿಯಾರ ಸೊನ್ನೆಗೆ ಹೋಗಿದೆ. ರೆಕಾರ್ಡು ಕಟ್ಟುಕತೆ, ಯಾರೋ ಅಧಿಕಾರಿ ದನಿ ಅನುಕರಣೆ ಮಾಡಿದ್ದಾರೆ ಅಂತ ವಕೀಲನ ವಾದ. ಕೋರ್ಟು ಅದನ್ನ ಒಪ್ಪಿದ್ರೆ ಅಧಿಕಾರಿ ಮೀಸೆ ತಿರುವ್ಕೊಂಡು ಹೊರಗೆ ಬರ್ತಾನೆ, ಸುಳ್ಳು ದೂರು ಕೊಟ್ಟ ಅಂತ ಬೇಕರಿಯವನು ಒಳಗೆ ಹೋಗ್ತಾನೆ. ನಾಡಿದ್ದು ನಿಮ್ಮ ಸಾಕ್ಷಿ."

ಸ್ಟೂಲನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಬ್ಯಾಟರಿ ಕಮ್ಮಿಯಾಗಿ ಗಡಿಯಾರ ಜಗ್ಗಿತು ಅಂತ ಹೇಳ್ಬಿಡಿ. ಯಾರಿಗೂ ನಷ್ಟ ಇಲ್ಲ. ಕೇಸೂ ಉಳಿಯುತ್ತೆ."

"ನಷ್ಟ ಇಲ್ವಾ?" ಕಿವಿಯಕ್ಕನ ದನಿ ಏರಿತು. "ಬ್ಯಾಟರಿ ಕಮ್ಮಿಯಾದ್ರೆ ನಮ್ಮ ಯಂತ್ರ ಹೊತ್ತು ತಪ್ಪುತ್ತೆ ಅಂತ ಒಂದು ಸಲ ಕೋರ್ಟಲ್ಲಿ ಬರೆಸಿಬಿಟ್ರೆ, ನಾಳೆಯಿಂದ ಉಳಿದ ನಾಲ್ಕುನೂರನ್ನೂ ಯಾರೂ ನಂಬಲ್ಲ. ಅದೂ ಅಲ್ದೆ ಅದು ಸುಳ್ಳು. ಸುಳ್ಳು ಹಿಡಿಯೋ ಸಾಮಾನು ಮಾರಿ, ನಾನೇ ಸುಳ್ಳು ಹೇಳ್ಲಾ?"

ಅಷ್ಟರಲ್ಲಿ ಹೆಡ್‌ಫೋನು ತೆಗೆದು ಹತ್ತಿರ ಬಂದಿದ್ದ ಚಿಕ್ಕಪ್ಪನಿಗೆ ಅರ್ಧ ಮಾತು ಕೇಳಿ, ಇನ್ನರ್ಧ ಕೇಳದೆ, ಒಟ್ಟಿನಲ್ಲಿ ತಮ್ಮ ಕೈಕೆಲಸದ ಮೇಲೆ ಗೂಬೆ ಕೂರಿಸುತ್ತಿದ್ದಾರೆಂದು ಮಾತ್ರ ಗೊತ್ತಾಯಿತು. ಕೆಂಡಾಮಂಡಲವಾದರು. ಯಂತ್ರಗಳ ಲೆಕ್ಕ ಬರೆಯುವ ದಫ್ತರು ತಂದು ಮೇಜಿನ ಮೇಲೆ ಧೊಪ್ಪೆಂದು ಹಾಕಿದರು. ನಾಲ್ಕುನೂರ ಹದಿನೇಳು, ಶುಕ್ರವಾರ, 'ಗೋಡೆ ಕಳೆ ಏಳು', ಕೆಳಗೆ ಸಹಿ. "ಇನ್ನೇನು ಬೇಕು? ನಾನು ಲೆಕ್ಕ ಮರೆತೆ ಅಂತೀಯಾ? ನಿಮ್ಮಪ್ಪ ಇದ್ದಿದ್ರೆ ಇಂಥ ಮಾತು ಕೇಳ್ಬೇಕಾಗ್ತಿತ್ತಾ ನಾನು?"

ಬಾಗಿಲಲ್ಲಿ ಅಮ್ಮ ಕಾಫಿ ಹಿಡಿದು ನಿಂತಿದ್ದಳು. ಬೇರೆ ದಿನವಾಗಿದ್ದರೆ ಮೈದುನನ ಕೋಪಕ್ಕೆ ಒಂದು ಕುಟುಕು ಮಾತು ಹಾಕಿಯೇ ಒಳಗೆ ಹೋಗುತ್ತಿದ್ದಳು. ಅವತ್ತು ಲೋಟಗಳನ್ನು ಮೇಜಿನ ಮೇಲಿಟ್ಟು, ತೆರೆದ ದಫ್ತರಿನ ಮೇಲೊಂದು ಕಣ್ಣು ಹಾಯಿಸಿ, ತುಟಿ ಪಿಟಕ್ಕೆನ್ನದೆ ಹೊರಟುಹೋದಳು. ಕಿವಿಯಕ್ಕ ಅದನ್ನು ಗಮನಿಸಿದಳು.

ದಫ್ತರಿನ ದಿನಾಂಕವನ್ನು ಅವಳು ಇನ್ನೊಮ್ಮೆ ನೋಡಿದಳು. ಆ ವಾರದ ಗುರುವಾರ, ಶುಕ್ರವಾರ, ಶನಿವಾರ ಅವಳು ಊರಲ್ಲೇ ಇರಲಿಲ್ಲ. ಬೇರೆ ಊರಿನ ತನಿಖೆಯವರಿಗೆ ಹೊಸ ಕ್ಯಾಮೆರಾಗಳನ್ನು ಬಳಸುವುದು ಹೇಗೆಂದು ಕಲಿಸಲು ಹೋಗಿದ್ದಳು. ಆ ಮೂರು ದಿನಗಳಲ್ಲಿ ಇಲ್ಲಿ ತಯಾರಾದದ್ದು ಇದೊಂದೇ ರೆಕಾರ್ಡರು. ಸೋಮವಾರ ಬಂದು ಗೋಡೆ ಗಡಿಯಾರ ಪರೀಕ್ಷಿಸಿದ್ದಳು. ಸರಿಯಾಗಿ ಏಳು ನಿಮಿಷ ಮುಂದಿತ್ತು.

"ಸಾರ್, ಇದರ ಮೊದಲ ಮಾತು ಎಲ್ಲಿದೆ?"

"ಯಾವ ಮಾತು?"

"ಯಂತ್ರದಲ್ಲಿ ಬೀಗ ಹಾಕಿದ ಕಡತ ಇರುತ್ತಲ್ಲ, ಅದು."

"ಓ ಅದಾ. ಕೋರ್ಟು ಕೊಟ್ಟ ನಕಲಲ್ಲಿ ಇದೆ. ಪರೀಕ್ಷೆಗೆ ಅಂತ ಬರೆದಿತ್ತು, ಯಾರೂ ತೆಗೆದಿಲ್ಲ." ಅವನು ಚೀಲದಿಂದ ನಕಲನ್ನು ತೆಗೆದುಕೊಟ್ಟ.

ಕಿವಿಯಕ್ಕ ಒಂದು ಹೆಡ್‌ಫೋನು ತಾನು ಹಾಕಿಕೊಂಡು ಇನ್ನೊಂದನ್ನು ಚಿಕ್ಕಪ್ಪನಿಗೆ ಕೊಟ್ಟಳು. ಇನ್ಸ್‌ಪೆಕ್ಟರಿಗೆ ಮೂರನೆಯದಿರಲಿಲ್ಲ, ಅವನು ಕಾಫಿ ಕುಡಿಯುತ್ತ ಇಬ್ಬರ ಮುಖ ನೋಡುತ್ತ ಕೂತ. ಮೊದಲು ಚಿಕ್ಕಪ್ಪನ ದನಿ: "ನಾಲ್ಕುನೂರ ಹದಿನೇಳು. ಶುಕ್ರವಾರ. ಮೂರು ಗಂಟೆ ನಲವತ್ತೈದು ನಿಮಿಷ." ಬಾಗಿಲು ಎಳೆದ ಸದ್ದು. ಆಮೇಲೆ ಲೋಲಕದ ಟಿಕ್ ಟಿಕ್. ಯಂತ್ರದ ಲೆಕ್ಕದಲ್ಲಿ ಮೂರು ಐವತ್ಮೂರಾಯಿತು. ಗೋಡೆ ಗಡಿಯಾರ ಹೊಡೆಯತೊಡಗಿತು, ಒಂದು, ಎರಡು. ಮೂರನೇ ಹೊಡೆತ ಮುಗಿಯುವ ಮೊದಲೇ ಎದುರಿನ ಶಾಲೆಯ ಗಂಟೆಯೂ ಬಾರಿಸಿತು.

ಕಿವಿಯಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಎರಡೂ ಒಟ್ಟಿಗೆ! ಶಾಲೆಯ ಗಂಟೆ ತಪ್ಪುವಂಥದ್ದಲ್ಲ, ನೆಟ್ಟಿನಿಂದ ಹೊತ್ತು ಪಡೆದು ತಾನೇ ಬಾರಿಸುವಂಥದ್ದು. ಅಂದರೆ ಅವತ್ತು ಗೋಡೆ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು. ಸರಿಯಾಗಿದ್ದ ಗಡಿಯಾರದಿಂದ ಚಿಕ್ಕಪ್ಪ ಅಭ್ಯಾಸಬಲದಿಂದ ಏಳು ಕಳೆದಿದ್ದರು. ಯಂತ್ರ ಏಳು ನಿಮಿಷ ಹಿಂದೆ ಬಿತ್ತು.

ಆದರೆ ಗಡಿಯಾರ ಸರಿಮಾಡಿದವರು ಯಾರು?

ಉತ್ತರ ಆ ಕಡತದಲ್ಲೇ ಇತ್ತು. ಮಕ್ಕಳ ಕೂಗು ಶುರುವಾಗುವ ಮುಂಚೆ ಬಾಗಿಲು ಮೆಲ್ಲಗೆ ಕಿರ್ರೆಂದಿತು. ಗೋಡೆಯ ಹತ್ತಿರಕ್ಕೆ ನಡೆದು ಬಂದ ಹೆಜ್ಜೆ. ಆಮೇಲೆ ಅಮ್ಮನ ದನಿ, ಪಕ್ಕದಲ್ಲಿ ಕೂತವರೊಡನೆ ಮಾತಾಡುವಂತೆ:

"ನೋಡಿ, ಎರಡೂ ಒಟ್ಟಿಗೇ ಹೊಡೀತು. ಇಷ್ಟು ವರ್ಷ ನಿಮ್ಮನ್ನ ಸುಮ್‌ಸುಮ್ನೆ ಓಡಿಸ್ಬಿಟ್ಟೆ. ಇನ್ನು ಬಸ್ಸಿಲ್ಲ, ಯಾರ ಕಾಟಾನೂ ಇಲ್ಲ. ನಿಧಾನಕ್ಕೆ ಲೇಸ್ ಕಟ್ಕೊಳ್ಳಿ, ರೀ."

ಚಿಕ್ಕಪ್ಪ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು. ಅವರ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಗುರುವಾರಕ್ಕೆ ಅಪ್ಪ ಹೋಗಿ ಒಂದು ವರ್ಷ ತುಂಬಿತ್ತು. ಆ ದಿನವೇ ಕಿವಿಯಕ್ಕ ಇನ್ನೊಂದು ಊರಿನಲ್ಲಿ ನಿಂತು, ಅಪರಿಚಿತರಿಗೆ ಪೆನ್ನಿನೊಳಗಿನ ಕ್ಯಾಮೆರಾ ತೋರಿಸುತ್ತಿದ್ದಳು. ಮನೆಯಲ್ಲಿ ಅಮ್ಮನ ಪಕ್ಕದಲ್ಲಿ ತಾನಿರಲಿಲ್ಲವೆಂಬುದು ಅವಳಿಗೆ ಈಗ ಹೊಳೆಯಿತು, ಹೊಳೆದು ನಾಚಿಕೆಯಾಯಿತು.

"ಸಾರ್, ಅರ್ಧ ಗಂಟೆ ಬಿಟ್ಟು ಬನ್ನಿ. ದಾರಿ ಸಿಕ್ಕಿದೆ. ಆದ್ರೆ ಒಬ್ಬರ ಒಪ್ಪಿಗೆ ಬೇಕು."

ಅಡುಗೆಮನೆಯಲ್ಲಿ ಅಮ್ಮ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಮಗಳು ಬಂದದ್ದು ನೋಡಿ ನಲ್ಲಿ ನಿಲ್ಲಿಸಿದಳು.

"ನನ್ನದೇ ತಪ್ಪು ಅಲ್ವಾ?" ಅಂದಳು. "ದಫ್ತರಿನ ತಾರೀಕು ನೋಡಿದ ತಕ್ಷಣ ಗೊತ್ತಾಯ್ತು."

"ಏನು ಮಾಡ್ದೆ ಅಮ್ಮ?"

"ಗುರುವಾರ ಮಧ್ಯಾಹ್ನ ಆ ಗಡಿಯಾರ ನೋಡ್ತಾ ಕೂತಿದ್ದೆ. ಯಾರಿಗೋಸ್ಕರ ಇದು ಇಷ್ಟು ಅವಸರ ಮಾಡ್ತಿದೆ ಅನ್ನಿಸ್ತು. ಸ್ಟೂಲ್ ಹತ್ತಿ ಲೋಲಕ ಹಿಡ್ಕೊಂಡು ಏಳು ನಿಮಿಷ ನಿಂತೆ. ಮಾರನೇ ದಿನ ಶಾಲೆ ಗಂಟೆ ಜೊತೆ ಸರಿಹೋಗುತ್ತಾ ಅಂತ ನೋಡೋಕೆ ಒಳಗೆ ಬಂದೆ. ಮೇಜಿನ ಮೇಲೆ ಆ ಪುಟಾಣಿ ಇದ್ದದ್ದು ನನಗೇನು ಗೊತ್ತು? ನಿಮ್ಮ ಚಿಕ್ಕಪ್ಪನಿಗೆ ಹೇಳೋಣ ಅಂದ್ಕೊಂಡೆ, ಮರೆತೆ. ಭಾನುವಾರ ಮುಳ್ಳನ್ನ ಮತ್ತೆ ಮುಂದಕ್ಕೆ ತಳ್ಳಿಬಿಟ್ಟೆ."

"ಯಾಕೆ?"

ಅಮ್ಮ ಕೈಯನ್ನು ಟವೆಲಿಗೆ ಒರೆಸಿಕೊಂಡಳು. "ಈಗ ನನ್ನ ಆ ಮಾತನ್ನ ಕೋರ್ಟಲ್ಲಿ ಕೇಳಿಸ್ಬೇಕಾ?"

"ನೀನು ಬೇಡ ಅಂದ್ರೆ ಕೇಳಿಸಲ್ಲ."

"ಕೇಳಿಸದಿದ್ರೆ?"

"ಬ್ಯಾಟರಿ ಮೇಲೆ ಹಾಕಿ ಅಂತಾರೆ ಇನ್ಸ್‌ಪೆಕ್ಟರು. ಅದು ನನ್ನಿಂದ ಆಗಲ್ಲ. ಹಾಗಾದ್ರೆ ಬೇಕರಿಯವನ ಕತೆ ಮುಗೀತು, ಅಪ್ಪ ಗಳಿಸಿದ ಹೆಸರೂ ಅಲ್ಲಿಗೇ ಮುಗೀತು."

ಅಮ್ಮ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಚಿಕ್ಕಂದಿನಲ್ಲಿ ಏನಾದರೂ ಬಚ್ಚಿಟ್ಟಾಗ ನೋಡುತ್ತಿದ್ದ ನೋಟ ಅದೇ.

"ಇಪ್ಪತ್ತೆರಡು ವರ್ಷದಿಂದ ಊರವರ ಗುಟ್ಟನ್ನೆಲ್ಲ ಹಿಡಿದು ಹಿಡಿದು ಕೋರ್ಟಿಗೆ ಕಳಿಸಿದ್ದೀರಿ. ಆ ದುಡ್ಡಲ್ಲೇ ನಾನೂ ಅನ್ನ ತಿಂದಿದ್ದೀನಿ. ನಮ್ಮ ಮನೆ ಮಾತು ಬಂದಾಗ ಮಾತ್ರ ಪರದೆ ಎಳೆಯೋದಾ? ಗಂಡನ ಜೊತೆ ತಾನೇ ಮಾತಾಡಿದ್ದು, ಕದ್ದ ಮಾಲೇನಲ್ಲ. ಕೇಳಿಸು. ನಾನೂ ಬರ್ತೀನಿ."

ಮಗಳಿಗೆ ಅಳುವೂ ಬಂತು, ನಗುವೂ ಬಂತು.

ಸಾಕ್ಷಿಯ ದಿನ ಕಿವಿಯಕ್ಕ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಬೆನ್ನು ನೇರ ಮಾಡಿ ಕಟಕಟೆ ಹತ್ತಿದಳು. ಹಿಂದಿನ ಬೆಂಚಿನಲ್ಲಿ ಅಮ್ಮ, ಪಕ್ಕದಲ್ಲಿ ಚಿಕ್ಕಪ್ಪ. ಅವರಿಂದಾಚೆ ಉಗುರು ಕಚ್ಚುತ್ತಿದ್ದ ಬೇಕರಿಯವನು. ಆ ಕಡೆ ಬೆಂಚಿನಲ್ಲಿ ಪರವಾನಗಿ ಅಧಿಕಾರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಅಧಿಕಾರಿಯ ವಕೀಲನ ದನಿ ಬೆಣ್ಣೆ ಸವರಿದಂತಿತ್ತು. "ನಿಮ್ಮ ಯಂತ್ರಗಳು ಹೊತ್ತು ತಪ್ಪೋದೇ ಇಲ್ಲ ಅಂತ ಹೇಳ್ತಿದ್ರಂತೆ?"

"ಹೇಳ್ತಿದ್ದೆ."

"ಈಗ?"

"ನಾಲ್ಕುನೂರ ಹದಿನೇಳು ತಪ್ಪಿದೆ. ಏಳು ನಿಮಿಷ ಹಿಂದೆ ಇದೆ. ತಪ್ಪು ಯಂತ್ರದ್ದಲ್ಲ, ನಮ್ಮ ಮನೆಯದು."

ವಕೀಲ ಜಗಳಕ್ಕೆ ತೋಳೇರಿಸಿಕೊಂಡು ಬಂದಿದ್ದ. ಎದುರಾಳಿ ಕೇಳುವ ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ಕ್ಷಣಕಾಲ ತೋಚಲಿಲ್ಲ. ಆಮೇಲೆ ನಗುತ್ತ ನ್ಯಾಯಾಧೀಶರ ಕಡೆ ತಿರುಗಿದ. "ಒಪ್ಪಿಕೊಂಡ್ರು ಸ್ವಾಮಿ. ಇನ್ನು ಆ ಏಳು ನಿಮಿಷದ ಲೆಕ್ಕ ಕೇಸಿಗೆ ಬೇಕಾದ ಹಾಗೆ ಹೊಲಿದುಕೊಂಡದ್ದಲ್ಲ ಅನ್ನೋಕೆ ಆಧಾರ ಏನು?"

"ಆಧಾರ ಯಂತ್ರದೊಳಗೇ ಇದೆ. ಕೇಸು ಹುಟ್ಟೋಕೆ ಆರು ವಾರ ಮುಂಚೆ ಬೀಗ ಬಿದ್ದದ್ದು," ಅಂದಳು ಕಿವಿಯಕ್ಕ.

ಅವಳು ಗಡಿಯಾರದ ಕತೆಯನ್ನು ಮೊದಲಿನಿಂದ ಹೇಳಿದಳು. ಅಪ್ಪನ ಬಸ್ಸು, ಷೂ ಲೇಸು, ಏಳರ ಲೆಕ್ಕ, ಫೋನಿನ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಕೆಲವರು ಮುಸಿಮುಸಿ ನಕ್ಕರು. ಮೊದಲು ಪೊಲೀಸ್ ಉಗ್ರಾಣದಿಂದ ತಂದ ನಾಲ್ಕುನೂರ ಹದಿನಾರರ ಮೊದಲ ಮಾತು ಕೇಳಿಸಿದರು. ಗೋಡೆ ಗಡಿಯಾರ ಹೊಡೆಯಿತು. ನ್ಯಾಯಾಧೀಶರು ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕಾದರು. ಸರಿಯಾಗಿ ಏಳು ನಿಮಿಷಕ್ಕೆ ಶಾಲೆಯ ಗಂಟೆ. ನಾಲ್ಕುನೂರ ಹದಿನೆಂಟರಲ್ಲೂ ಹಾಗೆಯೇ. ಅಷ್ಟು ಹೊತ್ತು ಕೋರ್ಟು ಖಾಲಿ ಕೋಣೆಯೊಂದರ ಸದ್ದನ್ನು ಉಸಿರು ಬಿಗಿಹಿಡಿದು ಕೇಳಿದ್ದು ಅದೇ ಮೊದಲಿರಬೇಕು.

ಆಮೇಲೆ ನಾಲ್ಕುನೂರ ಹದಿನೇಳು. ಗಡಿಯಾರವೂ ಗಂಟೆಯೂ ಒಟ್ಟಿಗೆ ಹೊಡೆದವು. ಬಾಗಿಲು ಕಿರ್ರೆಂದಿತು. ಅಮ್ಮನ ಮಾತು ಇಡೀ ಕೋರ್ಟಿನಲ್ಲಿ ಕೇಳಿಸಿತು. ಕಿವಿಯಕ್ಕ ಅಮ್ಮನ ಕಡೆ ನೋಡಲಾರದೆ ಕಟಕಟೆಯ ಮರವನ್ನೇ ನೋಡುತ್ತ ನಿಂತಳು. ಜೀವಮಾನವೆಲ್ಲ ಇನ್ನೊಬ್ಬರ ಮಾತು ಹೀಗೆ ಬಯಲಿಗೆ ಬೀಳುವುದನ್ನು ನೆಮ್ಮದಿಯಿಂದ ನೋಡಿದ್ದವಳಿಗೆ, ಅದು ಹೇಗಿರುತ್ತದೆಂದು ಅವತ್ತು ತಿಳಿಯಿತು.

"ಯಾರ ದನಿ ಇದು?" ಎಂದರು ನ್ಯಾಯಾಧೀಶರು.

"ನಂದು ಸ್ವಾಮಿ," ಎಂದು ಅಮ್ಮ ಹಿಂದಿನ ಬೆಂಚಿನಿಂದ ಎದ್ದಳು. ಕರೆದ ಮೇಲೆ ಬಂದು ಕಟಕಟೆಯಲ್ಲಿ ನಿಂತಳು. ಪ್ರಮಾಣ ಮಾಡಿದಳು.

ವಕೀಲ ಬಿಡುವವನಲ್ಲ. "ಯಾರ ಜೊತೆ ಮಾತಾಡ್ತಿದ್ರಮ್ಮ?"

"ನಮ್ಮ ಯಜಮಾನರ ಜೊತೆ."

"ಅವರು ಆಗ ಆ ಕೋಣೆಯಲ್ಲಿದ್ರಾ?"

"ಅವರು ಹೋಗಿ ಒಂದು ವರ್ಷದ ಮೇಲೆ ಒಂದು ದಿನ ಆಗಿತ್ತಪ್ಪ."

ವಕೀಲ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ವೃತ್ತಿ ಬಿಡಬೇಕಲ್ಲ. "ಕ್ಷಮಿಸಿ. ಆದ್ರೆ ಒಂದು ಅನುಮಾನ. ಗಡಿಯಾರ ಸರಿ ಮಾಡಿದ್ರಿ ಅಂತೀರಿ. ಮೂರು ದಿನಕ್ಕೆ ಮತ್ತೆ ತಪ್ಪು ಮಾಡಿದ್ರಿ ಅಂತೀರಿ. ಸರಿ ಇದ್ದ ಗಡಿಯಾರನ ಯಾರಾದ್ರೂ ಬೇಕು ಅಂತ ತಪ್ಪು ಮಾಡ್ತಾರಾ? ನಂಬೋ ಮಾತಾ ಇದು?"

ಮಗಳು ಕೇಳಿದಾಗ ಅಡುಗೆಮನೆಯಲ್ಲಿ ಸಿಗದಿದ್ದ ಉತ್ತರ ಅಲ್ಲಿ ಸಿಕ್ಕಿತು.

"ಗಡಿಯಾರ ಸರಿಯಾಗಿದ್ದ ಮೂರು ದಿನಾನೂ ಅವರು ಹೊರಟುಹೋಗಿದ್ದಾರೆ ಅನ್ನಿಸ್ತಿತ್ತು. ಎಷ್ಟು ಗಂಟೆ ನೋಡಿದ್ರೂ ಬಸ್ಸು ಹೋಗಿಯಾಯ್ತು ಅನ್ನಿಸ್ತಿತ್ತು. ಏಳು ನಿಮಿಷ ಮುಂದಿಟ್ರೆ ಹಾಗಲ್ಲ. ಬಸ್ಸು ಇನ್ನೂ ಬಂದಿರಲ್ಲ. ಅವರು ಇನ್ನೂ ಬಾಗಿಲ ಹತ್ರ ಕೂತು ಲೇಸ್ ಕಟ್ತಾ ಇರ್ತಾರೆ. ನನಗೆ ದಿನಕ್ಕೆ ಆ ಏಳು ನಿಮಿಷ ಬೇಕು ಸ್ವಾಮಿ. ಅದಕ್ಕೇ ಮುಂದೆ ತಳ್ಳಿದೆ."

ವಕೀಲ ಇನ್ನೇನೋ ಕೇಳಲು ಬಾಯಿ ತೆರೆದ. ನ್ಯಾಯಾಧೀಶರು ಕೈಯೆತ್ತಿದರು. "ಸಾಕು ಕೂತ್ಕೊಳ್ಳಿ" ಎಂದರು. ಕೈಗಡಿಯಾರವನ್ನು ಕಟ್ಟಿಕೊಳ್ಳುತ್ತ, ಬರೆದುಕೊಳ್ಳುವವನಿಗೆ ಹೇಳಿದರು: ಯಂತ್ರದ ಹನ್ನೊಂದು ನಾಲ್ಕಕ್ಕೆ ಏಳು ಸೇರಿಸಿ, ಹನ್ನೊಂದು ಹನ್ನೊಂದು. ಆರೋಪಿ ಹೋಟೆಲಿನ ಬಾಗಿಲು ದಾಟಿ ಮೂರು ನಿಮಿಷವಾದ ಮೇಲೆ. ರೆಕಾರ್ಡನ್ನು ಸಾಕ್ಷ್ಯವಾಗಿ ಒಪ್ಪಲಾಗಿದೆ.

ಅಧಿಕಾರಿಯ ಮೇಲಿನ ಕಾಲು ತಾನಾಗಿ ಕೆಳಗಿಳಿಯಿತು. ಬೇಕರಿಯವನು ಎದ್ದು ನಿಂತು, ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಎಲ್ಲರಿಗೂ ಒಂದೊಂದು ಸಲ ಕೈಮುಗಿದ. ಅರ್ಜೆಂಟ್ ಸಾಹೇಬ ಹೊರಗೆ ಬಂದವನೇ ಕಿವಿಯಕ್ಕನ ಕಾಗದವನ್ನು ಮೊದಲ ಸಲ ಪೂರ್ತಿ ಓದಿದ.

ಮನೆಗೆ ಬಂದ ಮೇಲೆ ಚಿಕ್ಕಪ್ಪ ಒಳಕೋಣೆಯ ಮೇಜಿಗೆಂದು ಬೇರೆಯೇ ಒಂದು ಗಡಿಯಾರ ಇಟ್ಟರು, ಸರಿಯಾದ ಹೊತ್ತಿನದು, ಸೋಮವಾರಕ್ಕೊಮ್ಮೆಯಲ್ಲ, 'ದಿನಾ ನೋಡತಕ್ಕದ್ದು' ಎಂಬ ಚೀಟಿ ಅಂಟಿಸಿ. ಗೋಡೆಯದನ್ನು ಯಾರೂ ಮುಟ್ಟಲಿಲ್ಲ. ಕಿವಿಯಕ್ಕ ಅಮ್ಮನ ಪಕ್ಕದಲ್ಲಿ ಹೋಗಿ ಕೂತಳು. ಬಹಳ ಹೊತ್ತಿನಿಂದ ಬಾಯಿಗೆ ಬಂದದ್ದನ್ನು ಕೊನೆಗೂ ಕೇಳಿದಳು.

"ಬೇಜಾರಾಯ್ತಾ ಅಮ್ಮ? ಅಷ್ಟು ಜನರ ಮುಂದೆ?"

"ಎಂಥ ಬೇಜಾರು? ಆ ಪುಟಾಣಿ ಈಗ ಎಲ್ಲಿದೆ?"

"ಕೋರ್ಟಿನ ಉಗ್ರಾಣದಲ್ಲಿ. ಸೀಲ್ ಹಾಕಿ ಇಟ್ಟಿರ್ತಾರೆ. ಎಷ್ಟೋ ವರ್ಷ ಯಾರೂ ಅಳಿಸೋಕಾಗಲ್ಲ."

ಅಮ್ಮ ಗೋಡೆಯ ಕಡೆ ತಿರುಗಿದಳು. ಅಲ್ಲಿ ಮುಳ್ಳು ನಾಲ್ಕರ ಹತ್ತಿರಕ್ಕೆ ಬಂದಿತ್ತು, ಎಂದಿನಂತೆ ಏಳು ನಿಮಿಷ ಅವಸರದಲ್ಲಿ.

"ಕೇಳಿಸ್ತೇನ್ರೀ?" ಅಂದಳು. "ಬದುಕಿದ್ದಾಗ ನಾನು ಹೇಳಿದ್ದು ಒಂದನ್ನೂ ಕಿವಿಗೆ ಹಾಕ್ಕೊಳ್ಳಲಿಲ್ಲ ನೀವು. ಈಗ ನೋಡಿ, ಕೋರ್ಟೇ ಬೀಗ ಹಾಕಿ ಇಟ್ಕೊಂಡಿದೆ."